ನಂಬರ್ ಇಲ್ಲದ ಕೋವಿ

ತೀರ್ಥಹಳ್ಳಿ ಕಡೆ ನಮ್ಮನೇಲಿ ಅಜ್ಜನ ಕಾಲದ ಒಂದು ಸಿಂಗಲ್ ಬ್ಯಾರಲ್ ಕೋವಿ ಇದೆ. ಎಲೆಕ್ಷನ್ ಬಂತು ಅಂದ್ರೆ ಅಪ್ಪ ಅದನ್ನ ಗೋಣಿಚೀಲದಲ್ಲಿ ಸುತ್ಕೊಂಡು ಸ್ಟೇಷನ್‌ಗೆ ಹೋಗಿ ಡಿಪಾಸಿಟ್ ಮಾಡಿ ರಸೀದಿ ತರ್ತಾರೆ. ಅಲ್ಲಿ ಲೈಸೆನ್ಸ್ ಬುಕ್ಕಿನ ನಂಬರೂ ಕೋವಿ ಮೇಲಿನ ನಂಬರೂ ತಾಳೆ ನೋಡ್ತಾರೆ. ತೋಟಕ್ಕೆ ಹಂದಿ ನುಗ್ಗೋ ಟೈಮಲ್ಲೇ ಕೊಟ್ಟು ಬರ್ಬೇಕಲ್ಲ ಅಂತ ಅಪ್ಪ ಗೊಣಗ್ತಾರೆ, ಆದ್ರೆ ಒಂದು ಸಲಾನೂ ತಪ್ಪಿಸಿಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅಮೆರಿಕದಲ್ಲಿ ಈ ನಂಬರಿಗಾಗಿ ವರ್ಷಗಟ್ಟಲೆ ಕೇಸ್ ನಡೀತು. ಅಲ್ಲಿ ಕೆಲವು ಕಂಪನಿಗಳು ಪಿಸ್ತೂಲಿನ ಬಿಡಿ ಭಾಗಗಳನ್ನ ಕಿಟ್ ಮಾಡಿ ಆನ್‌ಲೈನಲ್ಲಿ ಮಾರ್ತಿದ್ವು. ಫ್ರೇಮ್, ಅಂದ್ರೆ ಉಳಿದ ಭಾಗಗಳೆಲ್ಲ ಕೂರೋ ಪಿಸ್ತೂಲಿನ ಮೈ, ಮಾತ್ರ ಪೂರ್ತಿ ಆಗಿರಲ್ಲ, ಸ್ವಲ್ಪ ಕೆಲಸ ಬಾಕಿ ಬಿಟ್ಟಿರ್ತಾರೆ, ಹಾಗಾಗಿ ಇದು ಗನ್ನೇ ಅಲ್ಲ, ಸೀರಿಯಲ್ ನಂಬರೂ ಬೇಡ ಕೊಳ್ಳೋರ ಬ್ಯಾಕ್‌ಗ್ರೌಂಡ್ ಚೆಕ್ಕೂ ಬೇಡ ಅನ್ನೋದು ಅವರ ವಾದ. ಒಂದು ಕಂಪನಿಯ ಕಿಟ್ ಹೆಸರೇ 'ಬೈ ಬಿಲ್ಡ್ ಶೂಟ್'. ಅದನ್ನ ಮೊದಲನೇ ಸಲ ನೋಡಿದವರೊಬ್ರು ಸಾಮಾನ್ಯ ಉಪಕರಣ ಇಟ್ಕೊಂಡು 21 ನಿಮಿಷದಲ್ಲಿ ಗುಂಡು ಹಾರೋ ಹಾಗೆ ಮಾಡಿದ್ರು ಅಂತ ಸುಪ್ರೀಂ ಕೋರ್ಟ್ ತೀರ್ಪಲ್ಲೇ ಇದೆ. ಟ್ರೇಸ್ ಮಾಡಿಕೊಡಿ ಅಂತ ಪೊಲೀಸರು ಕಳಿಸಿದ ಇಂಥ ನಂಬರ್ ಇಲ್ಲದ ಗನ್‌ಗಳು, ಅಂದ್ರೆ 'ಘೋಸ್ಟ್ ಗನ್‌ಗಳು', 2017ರಲ್ಲಿ ಸುಮಾರು 1,600, 2021ಕ್ಕೆ 19,000ಕ್ಕೂ ಜಾಸ್ತಿ. 2019ರ ನವೆಂಬರಲ್ಲಿ ಕ್ಯಾಲಿಫೋರ್ನಿಯಾದ ಸಾಗಸ್ ಹೈಸ್ಕೂಲಲ್ಲಿ 16 ವರ್ಷದ ಹುಡುಗ ಜೊತೆಗೆ ಓದೋ ಇಬ್ಬರನ್ನ ಕೊಂದು ತಾನೂ ಸತ್ತನಲ್ಲ, ಅವನ ಕೈಲಿದ್ದಿದ್ದೂ ಕಿಟ್ಟಿಂದ ಜೋಡಿಸಿದ ಪಿಸ್ತೂಲೇ.

2022ರಲ್ಲಿ ಎಟಿಎಫ್ ಅನ್ನೋ ಕೇಂದ್ರದ ಏಜೆನ್ಸಿ, ಇಂಥ ಕಿಟ್ಟಿಗೂ ನಂಬರ್ ಬೇಕು ಅಂತ ರೂಲ್ ತಂತು. ಅದರ ವಿರುದ್ಧ ಕೇಸು ಬಿದ್ದಾಗ ಟೆಕ್ಸಾಸಿನ ಕೋರ್ಟ್ ರೂಲನ್ನ ರದ್ದು ಮಾಡ್ತು, ಮೇಲಿನ ಫಿಫ್ತ್ ಸರ್ಕ್ಯೂಟ್ ಅಪೀಲು ಕೋರ್ಟೂ ಕೇಸು ಹಾಕಿದವರ ಕಡೆಗೇ ನಿಲ್ತು, ಕಡೆಗೆ ಸುಪ್ರೀಂ ಕೋರ್ಟಿಗೆ ಹೋಯ್ತು. ಇದು ಬಂದೂಕು ಇಟ್ಕೊಳ್ಳೋ ಹಕ್ಕಿನ ಜಗಳ ಅಂತ ತುಂಬಾ ಜನ ಅನ್ಕೊಂಡಿದಾರೆ, ಅಲ್ಲ ರೀ, ಆ ಹಕ್ಕು ಕೊಡೋ ಸಂವಿಧಾನದ ಸೆಕೆಂಡ್ ಅಮೆಂಡ್‌ಮೆಂಟ್ ಪ್ರಶ್ನೆ ಅಲ್ಲಿ ಇರ್ಲೇ ಇಲ್ಲ. 1968ರ ಬಂದೂಕು ಕಾನೂನಲ್ಲಿರೋ 'ಆಯುಧ', 'ಫ್ರೇಮ್' ಅನ್ನೋ ಪದಗಳ ಅರ್ಥ ಎಲ್ಲಿವರೆಗೆ ಹೋಗುತ್ತೆ, ಅಷ್ಟೇ. ಮೊಟ್ಟೆ, ಹೆಚ್ಚಿದ ಹ್ಯಾಮ್, ಈರುಳ್ಳಿ ಎಲ್ಲಾ ಕಟ್ಟೆ ಮೇಲಿಟ್ರೆ ಅದನ್ನ ಆಮ್ಲೆಟ್ ಅನ್ನೋಕಾಗುತ್ತಾ ಅಂತ ವಿಚಾರಣೆ ಟೈಮಲ್ಲಿ ಜಸ್ಟಿಸ್ ಅಲಿಟೋ ಕೇಳಿದ್ರು. ಮೊಟ್ಟೆಯಿಂದ ಬೇರೆ ಅಡುಗೇನೂ ಆಗುತ್ತಲ್ಲ ಅಂತ ಸರ್ಕಾರದ ವಕೀಲೆ. ಆಗ ಜಸ್ಟಿಸ್ ಬ್ಯಾರೆಟ್, ಸರಿ, ಎಲ್ಲಾ ಅಳತೆ ಮಾಡಿ ಅಡುಗೆ ಕಿಟ್ ಅಂತಾನೇ ಕಳಿಸಿದ್ರೆ ಅಂದ್ರು. ನನಗೆ ಅಲ್ಲೇ ವಿಷಯ ತೀರ್ಮಾನ ಆಯ್ತು ಅನ್ನಿಸ್ತು, ಯಾಕಂದ್ರೆ ಆ ಕಿಟ್ ಪಿಸ್ತೂಲಾಗೋದು ಬಿಟ್ರೆ ಇನ್ನೇನೂ ಆಗಲ್ಲ.

2025ರ ಮಾರ್ಚ್ 26ಕ್ಕೆ 7-2ರಲ್ಲಿ ರೂಲ್ ಉಳೀತು. ತೀರ್ಪು ಬರೆದವರು ಗೋರ್ಸಚ್, ಟ್ರಂಪ್ ನೇಮಿಸಿದ ಕನ್ಸರ್ವೇಟಿವ್ ಜಡ್ಜ್. ಜೋಡಿಸದೇ ಇರೋ ಭಾಗಗಳನ್ನ ಡಬ್ಬದಲ್ಲಿ ತಂದ್ರೂ ಜನ ಟೇಬಲ್ ತಗೊಂಡೆ ಅಂತಾನೇ ಹೇಳ್ತಾರಲ್ವಾ ಅನ್ನೋದು ಅವರ ಲಾಜಿಕ್.

ಭಿನ್ನಮತ ಬರೆದ ಥಾಮಸ್ ಮಾತನ್ನ ನಾನು ಹಗುರವಾಗಿ ತಗೊಳಲ್ಲ. 1938ರ ಕಾನೂನಲ್ಲಿ ಬಂದೂಕಿನ ಯಾವ ಭಾಗ ಆದ್ರೂ ಲೆಕ್ಕಕ್ಕಿತ್ತು, 1968ರಲ್ಲಿ ಸಂಸತ್ತೇ ಅದನ್ನ ಫ್ರೇಮ್ ಮತ್ತೆ ರಿಸೀವರಿಗೆ (ಉದ್ದ ಕೋವಿಯ ಮೈಗೆ ಈ ಹೆಸರು) ಇಳಿಸ್ತು. ಈಗ ಹಿಗ್ಗಿಸ್ಬೇಕು ಅಂದ್ರೆ ಸಂಸತ್ತೇ ಹಿಗ್ಗಿಸ್ಲಿ, ಆಫೀಸರ್‌ಗಳಲ್ಲ ಅನ್ನೋದು ನ್ಯಾಯವಾದ ಮಾತೇ. ಆದ್ರೆ ಸುಲಭವಾಗಿ ಗನ್ ಆಗಬಲ್ಲದ್ದೂ ಗನ್ನೇ ಅಂತ ಅದೇ ಕಾನೂನಲ್ಲಿ ಬರೆದಿದೆಯಲ್ಲ, ಅದನ್ನ ಓದಿದ ಮೇಲೂ 21 ನಿಮಿಷದ ಕಿಟ್ಟನ್ನ ಹೊರಗಿಡೋದು ಹೇಗೆ?

ನಮ್ಮ 1959ರ ಆರ್ಮ್ಸ್ ಆ್ಯಕ್ಟಲ್ಲಿ ಆಯುಧ ಅಂದ್ರೆ ಅದರ ಭಾಗಗಳೂ, ತಯಾರಿಸೋ ಮಷೀನೂ ಸೇರುತ್ತೆ. ಹಾಗಿದ್ರೂ ನಾಡ ಪಿಸ್ತೂಲು ನಿಂತಿಲ್ಲ ಅಂತೀರಿ, ಗೊತ್ತು. ಕಲಬುರ್ಗಿ ಸರ್, ಗೌರಿ ಮೇಡಂ ಇಬ್ಬರಿಗೂ ಹಾರಿಸಿದ್ದು 7.65 ಎಂಎಂ ನಾಡ ಪಿಸ್ತೂಲಿಂದ ಅಂತ ತನಿಖೆ ಹೇಳ್ತು. ಆದ್ರೆ ಇಲ್ಲಿ ಅದನ್ನ ಕದ್ದು ಮಾಡ್ಬೇಕು, ಕದ್ದು ಮಾರ್ಬೇಕು, ಸಿಕ್ಕಿಬಿದ್ರೆ ಜೈಲು. ಅಲ್ಲಿ ಕಾರ್ಡಲ್ಲಿ ದುಡ್ಡು ಕಟ್ಟಿದ್ರೆ ಕೊರಿಯರಲ್ಲಿ ಮನೆಗೇ ಬರ್ತಿತ್ತು.

ಈಗಲೂ ಎಲ್ಲಾ ಮುಗಿದಿಲ್ಲ. ರೂಲ್ ಪೂರ್ತಿಯಾಗಿ ಬಿದ್ದುಹೋಗಲ್ಲ ಅಂತ ಮಾತ್ರ ಕೋರ್ಟ್ ಹೇಳಿದ್ದು, ಯಾವ ಕಿಟ್ ಒಳಗೆ ಯಾವುದು ಹೊರಗೆ ಅಂತ ಇನ್ನೂ ಕೇಸ್ ಬರಬಹುದು. 3ಡಿ ಪ್ರಿಂಟರಲ್ಲಿ ಫ್ರೇಮನ್ನ ಮನೇಲೇ ಮಾಡ್ಕೊಳ್ಳೋರ ಹತ್ರ ಅಂತೂ ನಂಬರ್ ಹಾಕು ಅನ್ನೋಕೆ ಅದನ್ನ ಮಾರಿದ ಅಂಗಡಿಯೋನೇ ಇರಲ್ಲ.