ಮಗನ ದುಡ್ಡು, ಅಪ್ಪನ ಟೌನ್‌ಹೌಸ್

ನಿನ್ನೆ ಇಲ್ಲೇ ನ್ಯೂಜೆರ್ಸಿಯಲ್ಲಿ ಗೆಳೆಯರ ಮನೇಲಿ ಸತ್ಯನಾರಾಯಣ ಪೂಜೆ. ಸಪಾದ ಬಾಯಲ್ಲಿರುವಾಗಲೇ ಒಬ್ಬ ಮಹಾಶಯರು ಶುರು ಮಾಡಿದರು: "ಮಗನ ಅಕೌಂಟಲ್ಲಿ ಅರವತ್ತು ಸಾವಿರ ಡಾಲರ್ ಸುಮ್ನೆ ಬಿದ್ದಿದೆ ಕಣ್ರೀ. ತೆಗೆದು ಒಂದು ಟೌನ್‌ಹೌಸಿಗೆ ಡೌನ್ ಪೇಮೆಂಟ್ ಮಾಡ್ತೀನಿ."

ಯಾರ ಹೆಸರಿಗೆ ಅಂತ ಕೇಳಿದೆ.

"ನಮ್ಮಿಬ್ಬರ, ಗಂಡ ಹೆಂಡತಿ ಹೆಸರಿಗೆ. ಅವನಿಗಿನ್ನೂ ಒಂಬತ್ತು ವರ್ಷ!"

ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ನನಗೆ ಸಪಾದ ಗಂಟಲಲ್ಲಿ ಇಳಿಯಲಿಲ್ಲ.

ಸ್ವಾಮಿ, ಅದು ನಿಮ್ಮ ದುಡ್ಡಲ್ಲ. ಯುಟಿಎಂಎ, ಅಂದರೆ ಮಗುವಿನ ಹೆಸರಲ್ಲಿ ಇಟ್ಟು ದೊಡ್ಡವರು ನೋಡಿಕೊಳ್ಳೋ ಅಕೌಂಟಿಗೆ ಹಾಕಿದ ಕೂಡಲೇ ಅದು ಮಗುವಿನದು, ವಾಪಸ್ ತಗೊಳ್ಳೋ ಹಾಗಿಲ್ಲ. ನೀವು ಬರೀ ಕಸ್ಟೋಡಿಯನ್, ಅಂದರೆ ಕಾಯೋರು.

ಆ ದುಡ್ಡಲ್ಲಿ ಮನೆ ಕೊಳ್ಳಲೇಬಾರದು ಅಂತಲ್ಲ. ಇದಕ್ಕೂ ಮುಂಚಿನ ಹಳೇ ಕಾನೂನು ಯುಜಿಎಂಎಯಲ್ಲಿ ಆಗ್ತಿರಲಿಲ್ಲ, ಯುಟಿಎಂಎಯಲ್ಲಿ ಆಗುತ್ತೆ. ಆದರೆ ಪತ್ರದಲ್ಲಿ "ಇಂಥ ಮಗುವಿನ ಕಸ್ಟೋಡಿಯನ್ ಆಗಿ ಇಂಥವರು" ಅಂತ ಬರೀಬೇಕು. ಬರುವ ಬಾಡಿಗೆಯೂ ಮಗುವಿಗೇ. ಮೈನರ್ ನಂಬಿ ಬ್ಯಾಂಕು ಸಾಲ ಕೊಡಲ್ಲ, ಹೆಚ್ಚುಕಮ್ಮಿ ಪೂರ್ತಿ ನಗದೇ ಎಣಿಸಬೇಕು. ಇಂಥ ಆದಾಯ 2025ರ ಲೆಕ್ಕದಲ್ಲಿ 2,700 ಡಾಲರ್ ದಾಟಿದರೆ ಮೇಲಿನದ್ದಕ್ಕೆ ಅಪ್ಪ ಅಮ್ಮನ ದರದಲ್ಲೇ ಟ್ಯಾಕ್ಸ್. ಕಾಲೇಜಿನ ನೆರವಿಗೆ ಅರ್ಜಿ ಹಾಕುವಾಗ ಮಗುವಿನ ಆಸ್ತಿಯಲ್ಲಿ 20% ಫೀಸಿಗಿದೆ ಅಂತ ಹಿಡೀತಾರೆ. ಇಷ್ಟೆಲ್ಲ ಆಗಿ, ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ 21 ತುಂಬಿದ ದಿನ ಹುಡುಗನ ಕೈಗೆ ಕೊಡಬೇಕು. ಅವನು ಮಾರಿ ಕಾರು ತಗೊಂಡರೂ ಕೇಳೋ ಹಾಗಿಲ್ಲ. ಓಹೋ, ಅದಕ್ಕೇ ನಿಮ್ಮ ಹೆಸರಿಗೆ!

"ಎಲ್ಲಾ ಅವನಿಗೋಸ್ಕರವೇ ತಾನೆ?" ಅಂದರು. ಹಾಗಿದ್ದರೆ ಅವನ ಹೆಸರಿಗೇ ಬರೀರಿ. ಅಲ್ಲಿಗೆ ವಾದ ಮುಗೀತು.

ಇನ್ನೊಬ್ಬರು ಅದರ ಬದಲು ತುಮಕೂರಿನ ಕಡೆ ತೋಟ ಮಾಡಿ ಅಂತ ಸಲಹೆ ಕೊಟ್ಟರು. ಇಲ್ಲಿ ಹುಟ್ಟಿದ ಮಗು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡಿದ್ದರೆ ಫ್ಲ್ಯಾಟ್ ತಗೋಬಹುದು, ತೋಟ ತಗೊಳ್ಳೋ ಹಾಗಿಲ್ಲ ಮಾರಾಯ್ರೆ. ಊಟಕ್ಕೆ ಏಳಿ.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಹೇಳಿಬಿಡ್ತೀನಿ. ಅಜ್ಜಿ ನನ್ನ ಹೆಸರಲ್ಲಿ ಪೋಸ್ಟಾಫೀಸಲ್ಲಿ ದುಡ್ಡಿಟ್ಟಿದ್ದರು. ಮನೆ ಮೋಲ್ಡಿಂಗ್ ಹಾಕಿಸುವಾಗ ಅಪ್ಪ ಅದನ್ನ ತೆಗೆದರು. ಎಲ್ಲಾ ನಿಮಗೋಸ್ಕರವೇ ಅಂತ ಅವರೂ ಅಂದಿದ್ದರು. ಆ ಮನೆ ಈಗ ಅಣ್ಣನ ಹೆಸರಲ್ಲಿದೆ. ಹೋದಾಗ ಅತ್ತಿಗೆ ಚೆನ್ನಾಗಿ ಕಾಫಿ ಮಾಡಿ ಕೊಡ್ತಾರೆ.

ಟೌನ್‌ಹೌಸ್ ಬೇಕಿದ್ದರೆ ಸಂಬಳದ ದುಡ್ಡಲ್ಲಿ ತಗೊಳ್ಳಿ. ಮಗನ ದುಡ್ಡು ಇದ್ದಲ್ಲೇ ಇರಲಿ. ಕಸ್ಟೋಡಿಯನ್ ಲೆಕ್ಕ ಕೊಡಲಿ ಅಂತ ಕೋರ್ಟಿಗೆ ಹೋಗೋ ಹಕ್ಕು ಮಗುವಿಗಿದೆ, ಎಷ್ಟೋ ರಾಜ್ಯಗಳಲ್ಲಿ 14 ತುಂಬಿದರೆ ಸಾಕು. ಈ ಹುಡುಗ ಲೆಕ್ಕದಲ್ಲಿ ಭಾರೀ ಚುರುಕು ಅಂತ ಅವರಮ್ಮನೇ ನಿನ್ನೆ ಹೇಳ್ತಿದ್ದರು.