3 ಕೋಟಿ ಪದಗಳ ಲೆಕ್ಕ ಎಲ್ಲಿಂದ ಬಂತು?

'ಬಡವರ ಮಕ್ಕಳು 3 ವರ್ಷಕ್ಕೆ 3 ಕೋಟಿ ಪದ ಕಡಿಮೆ ಕೇಳಿರುತ್ತಾರೆ, ಅದಕ್ಕೇ ಮಾತಿನಲ್ಲಿ ಹಿಂದೆ' ಅನ್ನೋ ಮೆಸೇಜ್ ಗದಗಿನ ಗ್ರೂಪುಗಳಿಗೂ ಬಂದಿದೆ.

ಇದು ಅಮೆರಿಕದ ಕಾನ್ಸಾಸ್‌ನಲ್ಲಿ ನಡೆದು 1995ರಲ್ಲಿ ಪುಸ್ತಕವಾದ ಅಧ್ಯಯನದ ಲೆಕ್ಕ. ನೋಡಿದ್ದು ಬರೀ 42 ಮನೆ. ಸರ್ಕಾರದ ನೆರವಿನಲ್ಲಿದ್ದವು 6. ತಿಂಗಳಿಗೆ ಒಂದು ಗಂಟೆ ಮಾತು ರೆಕಾರ್ಡ್ ಮಾಡಿ, ಅದನ್ನೇ ಗುಣಿಸಿ ತೆಗೆದ ಅಂದಾಜು ಈ 3 ಕೋಟಿ. ಅಷ್ಟು ಸಣ್ಣ ಲೆಕ್ಕವನ್ನು ಎಲ್ಲ ಬಡ ಮನೆಗಳಿಗೂ ಹಚ್ಚೋದು ಸರಿಯಲ್ಲ, ಅಲ್ವಾ?

2018ರಲ್ಲಿ ಅಮೆರಿಕದ್ದೇ ಬೇರೆ ಸಂಶೋಧಕರು ಸುತ್ತಲಿನವರ ಮಾತನ್ನೂ ಎಣಿಸಿದರು. ಅಂಥ ಅಂತರ ಸಿಗಲಿಲ್ಲ.

ಬೆಟಗೇರಿಯ ನೇಕಾರರ ಮನೆ ನೆನಪಿಸಿಕೊಳ್ಳಿ. ಮಗು ಲಾಳಿ ಎತ್ತಿಕೊಂಡರೆ ಅಜ್ಜಿ 'ತಾ ಇಲ್ಲಿ, ನೂಲು ಹರಿತೈತಿ' ಅಂತಾಳೆ. ಕಾಕಾ ನಗ್ತಾನೆ, ಅಕ್ಕ ಬೈತಾಳೆ. ಅದೆಲ್ಲ ಮಾತೇ.

ಮಗುವಿನ ಜೊತೆ ನೇರವಾಗಿ ಮಾತಾಡೋದು ಒಳ್ಳೆಯದು, ಅದು ನಿಜ. ಆದರೆ 2 ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಬಡತನ ಅಂತ ಸುಮ್ನೆ ಕೂರದೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.