ಆ ಅನ್ನು ಪುಟ್ಟಿ

ನಮ್ಮ ಮನೆಯಲ್ಲಿ ಒಂದು ಫೋಟೋ ಇದೆ. ಮಗಳಿಗೆ ಮೊದಲ ಸಲ ಊಟ ಮಾಡಿಸಿದ ದಿನದ್ದು. ಅದರಲ್ಲಿ ನಾನು, ನನ್ನ ಹೆಂಡತಿ, ಅಮ್ಮ, ಅಕ್ಕ ನಾಲ್ಕೂ ಜನ ಬಾಯಿ ಅಗಲಿಸಿಕೊಂಡು ನಿಂತಿದ್ದೇವೆ. ಬಾಯಿ ಮುಚ್ಚಿಕೊಂಡಿರುವವಳು ಪುಟ್ಟಿ ಒಬ್ಬಳೇ. ಊಟ ಮಾಡಬೇಕಾಗಿದ್ದದ್ದೂ ಅವಳೊಬ್ಬಳೇ.

ಆ ದಿನಕ್ಕೆ ನಾನು ಮಾಡಿಕೊಂಡ ತಯಾರಿ ಕಾಲೇಜು ಪರೀಕ್ಷೆಗೂ ಮಾಡಿಕೊಂಡಿರಲಿಲ್ಲ. ಆರು ತಿಂಗಳು, ಅಂದರೆ 180 ದಿನ, ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಮೇಲೆ ಹಾಲಿನ ಜೊತೆಗೇ ಊಟ ಶುರು. ನಾನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿ 181ನೇ ದಿನಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ. ಅಮ್ಮ ಮಾತ್ರ ನಾಲ್ಕನೇ ತಿಂಗಳಿಂದಲೇ ಒತ್ತಾಯ ಶುರು ಮಾಡಿದ್ದರು.

"ಪಾಪ, ಮಗು ಬಾಯಿ ಚಪ್ಪರಿಸುತ್ತೆ ಕಣೋ. ನಿನಗೆ ಮೂರು ತಿಂಗಳಿಗೇ ತಿನ್ನಿಸಿದ್ದೆ. ಈಗ ನಿನಗೇನಾಗಿದೆ ಹೇಳು?"

ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಏನೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೇ ಚೆನ್ನಾಗಿತ್ತು.

ಹುಟ್ಟುವಾಗ ಮಗು ಹೊತ್ತು ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹಾಗಾಗಿ ಊಟ ಬೇಕೇ ಬೇಕು. ದಿನಾಂಕ ಬಂದರೆ ಸಾಲದು, ಕತ್ತು ಗಟ್ಟಿಯಾಗಿ ನಿಲ್ಲಬೇಕು, ಒರಗಿಸಿದರೆ ಕೂರಬೇಕು, ಬೇರೆಯವರ ತಟ್ಟೆಯ ಮೇಲೆ ಕಣ್ಣು ಬೀಳಬೇಕು. ಪುಟ್ಟಿ ಮೂರರಲ್ಲೂ ಪಾಸಾಗಿದ್ದಳು. ಕೊನೆಯದರಲ್ಲಂತೂ ನೂರಕ್ಕೆ ನೂರು. ನಾನು ಬಾಯಿಗಿಡುವ ಒಂದೊಂದು ತುತ್ತನ್ನೂ ಸಾಲ ಕೊಟ್ಟವರ ಹಾಗೆ ನೋಡುತ್ತಿದ್ದಳು.

ಮೊದಲ ಊಟ ಕ್ಯಾರೆಟ್ ಅಂತ ತೀರ್ಮಾನವಾಯಿತು. ಅಡುಗೆ ನನ್ನದು. ಒಂದು ಕ್ಯಾರೆಟ್ ಬೇಯಿಸಿ ಮಿಕ್ಸಿಗೆ ಹಾಕಿದೆ. ಒಂದು ಕ್ಯಾರೆಟ್ಟು ಮಿಕ್ಸಿಯ ಬ್ಲೇಡಿಗೆ ಲೆಕ್ಕಕ್ಕೇ ಇಲ್ಲ. ಜಾರಿನ ಗೋಡೆಗೆಲ್ಲ ಹಾರಿ ಅಂಟಿಕೊಂಡಿತು, ಮಧ್ಯದಲ್ಲಿ ಬ್ಲೇಡು ಖಾಲಿ ತಿರುಗುತ್ತಾ ಕೂಗಾಡಿತು. ಇನ್ನೊಂದು ಹಾಕಿದೆ. ಇನ್ನೂ ಎರಡು ಹಾಕಿದೆ. ಕೊನೆಗೆ ಎರಡು ಚಮಚ ತಿನ್ನುವ ಮಗುವಿಗೆ ನಾಲ್ಕು ಕ್ಯಾರೆಟ್ಟಿನ ಮುದ್ದೆ ತಯಾರಾಯಿತು. ಅದನ್ನು ಜರಡಿಯಲ್ಲಿ ಒತ್ತಿ ಒತ್ತಿ ಇಳಿಸುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. 1927ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡೊರೊಥಿ ಗರ್ಬರ್ ಅನ್ನುವ ತಾಯಿಯೂ ಹೀಗೇ ಮಗುವಿಗೆ ತರಕಾರಿ ಸೋಸಿ ಸೋಸಿ ಸಾಕಾಗಿ, ಆ ಕೆಲಸದ ಕಷ್ಟವನ್ನು ಗಂಡನಿಗೂ ತೋರಿಸಿದರಂತೆ. ಮಾರನೇ ವರ್ಷವೇ ಆತ ಸೋಸಿದ ತರಕಾರಿಯನ್ನು ಡಬ್ಬಿಯಲ್ಲಿ ತುಂಬಿ ಮಾರಲು ಶುರು ಮಾಡಿದ. ಆ ಗಂಡನ ಮನೆಯವರಿಗೆ ಡಬ್ಬಿ ಆಹಾರದ ಕಾರ್ಖಾನೆ ಇತ್ತು. ನನ್ನ ಹತ್ತಿರ ಇದ್ದದ್ದು ಐಸ್ ಟ್ರೇ.

ಐಸ್ ಟ್ರೇ ವಿಷಯ ಆಮೇಲೆ ಹೇಳುತ್ತೇನೆ.

ಪುಟ್ಟಿಯನ್ನು ಕುರ್ಚಿಯಲ್ಲಿ ಕೂರಿಸಿದೆವು. ಅರ್ಧ ಚಮಚ ತುಟಿಗೆ ಹಿಡಿದು "ಆ ಅನ್ನು ಪುಟ್ಟಿ" ಅಂದೆ. ನಾಲ್ಕೂ ಜನ ಆ ಅಂದೆವು. ಫೋಟೋ ಆಗಲೇ ತೆಗೆದದ್ದು. ಆಮೇಲೆ ಅವಳು ನಿಜವಾಗಲೂ ಬಾಯಿ ತೆಗೆದಳು, ಚಮಚ ಒಳಗೆ ಹೋಯಿತು, ಅಮ್ಮ ಕೈಮುಗಿದರು. ಎರಡು ಸೆಕೆಂಡು ಬಿಟ್ಟು ಪುಟ್ಟ ನಾಲಿಗೆ ಅಷ್ಟನ್ನೂ ನಿಧಾನವಾಗಿ ಹೊರಗೆ ತಳ್ಳಿತು. ನಾನು ಗಲ್ಲದಿಂದ ಬಳಿದು ಮತ್ತೆ ಒಳಗಿಟ್ಟೆ. ಅದು ಮತ್ತೆ ಹೊರಗೆ ಬಂತು. ಒಂದೇ ಅರ್ಧ ಚಮಚ ಕ್ಯಾರೆಟ್ಟನ್ನು ಏಳು ಸಲ ಉಣಿಸಿದ್ದೇನೆ, ಉತ್ಪ್ರೇಕ್ಷೆ ಇಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಹಾಲು ಬಿಟ್ಟು ಬೇರೆ ಏನು ತಾಕಿದರೂ ಹೊರಗೆ ತಳ್ಳುವ ಅಭ್ಯಾಸ ಇರುತ್ತದೆ, ಉಸಿರುಗಟ್ಟದಿರಲಿ ಅಂತ. ನಾಲ್ಕರಿಂದ ಆರು ತಿಂಗಳ ನಡುವೆ ಅದು ತಾನಾಗಿ ಬಿಟ್ಟುಹೋಗುತ್ತದಂತೆ. ಪುಟ್ಟಿಯ ನಾಲಿಗೆಗೆ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅಮ್ಮ ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿದರು. ಮುಖ ಹುಳ್ಳಗಾಯಿತು.

"ಉಪ್ಪೇ ಇಲ್ವಲ್ಲೋ! ಹೇಗೆ ತಿನ್ನುತ್ತೆ ಮಗು?"

"ಒಂದು ವರ್ಷದವರೆಗೆ ಉಪ್ಪು ಹಾಕಬಾರದಮ್ಮ. ಕಿಡ್ನಿ ಇನ್ನೂ ಎಳೆಯದು."

"ಸಕ್ಕರೆ?"

"ಅದೂ ಬೇಡ."

"ಹೋಗಲಿ, ಒಂದು ತೊಟ್ಟು ಜೇನುತುಪ್ಪ?"

ಇದಕ್ಕೆ ಮಾತ್ರ ನಾನೂ ಹೆಂಡತಿಯೂ ಒಟ್ಟಿಗೇ ಕಿರುಚಿದೆವು. ಜೇನುತುಪ್ಪದಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದರ ಆಟ ನಡೆಯುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮೈಯ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ. ಕಾಯಿಸಿದರೂ ಬೀಜಾಣು ಸುಲಭಕ್ಕೆ ಸಾಯುವುದಿಲ್ಲ. ಇಷ್ಟನ್ನೂ ವಿವರಿಸಿದೆ. ಅಮ್ಮ ತಾಳ್ಮೆಯಿಂದ ಕೇಳಿ, "ಅಷ್ಟೆಲ್ಲ ಓದಿದವನಿಗೆ ಕ್ಯಾರೆಟ್ ರುಬ್ಬೋಕೆ ಬರಲಿಲ್ಲ" ಅಂದರು.

ಈಗ ಐಸ್ ಟ್ರೇ. ಉಳಿದ ಮೂರು ಮುಕ್ಕಾಲು ಕ್ಯಾರೆಟ್ಟನ್ನು ಟ್ರೇಯಲ್ಲಿ ತುಂಬಿ ಫ್ರೀಜರಿಗೆ ಇಟ್ಟಿದ್ದೆ. ಬೇಕಾದಾಗ ಒಂದು ಗಡ್ಡೆ ತೆಗೆದು ಬಿಸಿ ಮಾಡಿದರೆ ಆಯಿತು. ಉಪಾಯ ಬಹಳ ಒಳ್ಳೆಯದು, ಮನೆಯವರಿಗೆಲ್ಲ ಗೊತ್ತಿದ್ದರೆ. ಆ ಭಾನುವಾರ ದೂರದ ಸಂಬಂಧಿಕರೊಬ್ಬರು ಬಂದರು. ಅಕ್ಕ ಕಿತ್ತಳೆ ಜ್ಯೂಸ್ ಕೊಟ್ಟಳು, ಮೇಲೆ ಎರಡು ಐಸ್ ತೇಲಿಸಿ. ಜ್ಯೂಸಿನ ಬಣ್ಣವೂ ಐಸಿನ ಬಣ್ಣವೂ ಒಂದೇ. ಅವರು ಮಾತಾಡುತ್ತಾ ಕುಡಿದರು. ಕುಡಿಯುತ್ತಾ ಹೋದಂತೆ ಜ್ಯೂಸು ಗಟ್ಟಿಯಾಗುತ್ತಾ ಬಂತು. ಕೊನೆಗೆ ಲೋಟ ಬಗ್ಗಿಸಿ, ತಳ ತಟ್ಟಿ, "ಇದಕ್ಕೆ ಚಮಚ ಬೇಕಿತ್ತೇನಮ್ಮ?" ಅಂತ ಕೇಳಿದರು. ನಾನು ಒಳಗಿಂದ ಪುಟ್ಟಿಯ ಚಮಚವನ್ನೇ ತಂದುಕೊಟ್ಟೆ. ನಮ್ಮ ಮನೆಯಲ್ಲಿ ಆ ಕ್ಯಾರೆಟ್ಟನ್ನು ಪೂರ್ತಿ ತಿಂದು ಮುಗಿಸಿದವರು ಅವರೊಬ್ಬರೇ.

ಎರಡನೇ ವಾರ ಬಾಳೆಹಣ್ಣು. ಇದು ಅವಳಿಗೆ ಇಷ್ಟವಾಯಿತು. ಮಕ್ಕಳು ಹುಟ್ಟುತ್ತಲೇ ಸಿಹಿಯ ಕಡೆ, ಕಹಿಯ ವಿರುದ್ಧ. ಅರ್ಧ ಹಣ್ಣು ಕಿವುಚಿ ಕೊಟ್ಟರೆ ಕುರ್ಚಿಯನ್ನೂ ನೆಕ್ಕಿದಳು. ನಮ್ಮ ಸಂತೋಷ ಮಾರನೇ ದಿನ ಬೆಳಗ್ಗೆ ಡಯಾಪರ್ ಬಿಚ್ಚುವವರೆಗೆ ಮಾತ್ರ. ಒಳಗೆ ಸಣ್ಣ ಸಣ್ಣ ಕಪ್ಪು ದಾರಗಳು. ಸ್ವಲ್ಪ ಸುರುಳಿ ಬೇರೆ.

"ರೀ, ಹುಳ!" ಅಂದಳು ಹೆಂಡತಿ.

ನನಗೆ ಅವು ಮಿಸುಕಾಡಿದಂತೆಯೂ ಕಂಡಿತು. ಸಾಕ್ಷಿ ಬೇಕಲ್ಲ ಅಂತ ಡಯಾಪರನ್ನೇ ಮಡಚಿ, ಕವರಿನಲ್ಲಿ ಹಾಕಿ, ಗಂಟು ಕಟ್ಟಿ, ಮೂವರೂ ಆಸ್ಪತ್ರೆಗೆ ಓಡಿದೆವು. ಕಾಯುವ ಜಾಗದಲ್ಲಿ ಪಕ್ಕದವರು ಒಂದೊಂದೇ ಕುರ್ಚಿ ದೂರ ಸರಿದರು. ಡಾಕ್ಟರ್ ಕವರು ಬಿಚ್ಚಲೂ ಇಲ್ಲ. ನನ್ನ ಮುಖ ನೋಡಿ, "ನಿನ್ನೆ ಬಾಳೆಹಣ್ಣು ಕೊಟ್ರಾ?" ಅಂದರು. ಹೌದು ಅಂದೆ. ಬಾಳೆಹಣ್ಣಿನ ನಡುವೆ ಇರುವ ನಾರು ಜೀರ್ಣವಾಗದೆ ಹಾಗೇ ಕಪ್ಪಗಾಗಿ ಹೊರಬರುತ್ತದಂತೆ. ತಿಂಗಳಿಗೆ ಒಬ್ಬಿಬ್ಬರಾದರೂ ಹೀಗೆ ಕವರು ಹಿಡಿದು ಬರುತ್ತಾರಂತೆ. "ಇದನ್ನ ಇಲ್ಲಿ ಬಿಡಬೇಡಿ, ಮನೆಗೇ ತಗೊಂಡು ಹೋಗಿ" ಅಂದರು. ಕವರು ಹಿಡಿದುಕೊಂಡು ಅದೇ ಜನರ ಮುಂದೆ ವಾಪಸ್ ನಡೆದು ಬಂದೆ.

ತಿಂಗಳೊಪ್ಪತ್ತು ಕಳೆದ ಮೇಲೆ ಅವಳ ಮೂಗಿನ ತುದಿ ಹಳದಿಯಾಯಿತು. ಅಮ್ಮ ಕಾಮಾಲೆ ಅಂದರು. ಈ ಸಲ ನಾನು ಬುದ್ಧಿವಂತನಾಗಿ ಫೋನ್ ಮಾಡಿದೆ. "ಕಣ್ಣಿನ ಬಿಳಿ ಬೆಳ್ಳಗೇ ಇದೆಯಾ?" ಇತ್ತು. "ಕ್ಯಾರೆಟ್ಟು, ಕುಂಬಳಕಾಯಿ ಜಾಸ್ತಿ ಆಗ್ತಿದೆಯಾ?" ಫ್ರೀಜರಿನ ಕಡೆ ನೋಡಿದೆ. ಆಗುತ್ತಿತ್ತು. ಆ ತರಕಾರಿಗಳ ಬಣ್ಣ ಚರ್ಮಕ್ಕೆ ಇಳಿದಿತ್ತು ಅಷ್ಟೇ, ಏನೂ ಅಪಾಯವಿಲ್ಲ. ಕಾಮಾಲೆಯಾದರೆ ಕಣ್ಣೂ ಹಳದಿಯಾಗುತ್ತದೆ. ಕಿತ್ತಳೆ ಗಡ್ಡೆಗಳಿಗೆ ಸ್ವಲ್ಪ ದಿನ ರಜೆ ಕೊಟ್ಟೆ.

ನಗದೇ ಹೇಳಬೇಕಾದದ್ದು ಒಂದಿದೆ. ಒಂದು ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆಯ ತುಂಡು ಕೈಗೆ ಕೊಟ್ಟಿದ್ದೆ. ಪುಟ್ಟಿ ಒಮ್ಮೆಲೇ ಕೆಂಪಾಗಿ, ಕಣ್ಣಲ್ಲಿ ನೀರು ತಂದು "ಓಕ್" ಅಂದಳು. ನನ್ನ ಜೀವ ಹೋಗಿ ಬಂತು. ಅವಳೋ ತುಂಡನ್ನು ಮುಂದಕ್ಕೆ ತಂದುಕೊಂಡು, ಮತ್ತೆ ಅಗಿದು, ನನ್ನ ಗಾಬರಿ ನೋಡಿ ನಕ್ಕಳು. ಎಳೆ ಮಕ್ಕಳಲ್ಲಿ ಓಕರಿಕೆಯ ಜಾಗ ನಾಲಿಗೆಯ ಮೇಲೆ ನಮಗಿಂತ ಮುಂದೆ ಇರುತ್ತದೆ. ಹಾಗಾಗಿ ಸುಮ್ಸುಮ್ನೆ ಓಕ್ ಅನ್ನುತ್ತಾರೆ. ಶಬ್ದ ಬರುತ್ತಿದ್ದರೆ ಗಾಳಿ ಓಡಾಡುತ್ತಿದೆ ಅಂತ ಅರ್ಥ. ನಿಜವಾಗಿ ಉಸಿರಿನ ದಾರಿ ಪೂರ್ತಿ ಕಟ್ಟಿದಾಗ ಶಬ್ದವೇ ಇರುವುದಿಲ್ಲ. ಅದಕ್ಕೇ ಅವಳನ್ನು ಒಬ್ಬಳೇ ಬಿಟ್ಟು ತಿನ್ನಲು ಕೂರಿಸುವುದಿಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡದೆ ಕೊಡುವುದಿಲ್ಲ. ಇಡೀ ಕಡಲೆಕಾಯಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ಟಿನ ತುಂಡು ಹತ್ತಿರವೂ ಸುಳಿಯುವಂತಿಲ್ಲ.

ಕಡಲೆಕಾಯಿ ಅಂದ ತಕ್ಷಣ ಅಕ್ಕನಿಗೆ ಸಿಟ್ಟು. ಅವಳ ಮಗ ಹುಟ್ಟಿದ ಕಾಲಕ್ಕೆ ಮೂರು ವರ್ಷದವರೆಗೆ ಕಡಲೆಕಾಯಿ ತೋರಿಸಲೂ ಬೇಡಿ ಅಂದಿದ್ದರಂತೆ. ಸುಳ್ಳಲ್ಲ. ಅಲರ್ಜಿಯ ಭಯವಿರುವ ಮಕ್ಕಳಿಗೆ ಹಾಗೆ ಮಾಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಹೇಳಿತ್ತು, 2008ರಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. 2015ರಲ್ಲಿ ಲಂಡನ್ನಿನ ಸಂಶೋಧಕರು ಅಂಥದೇ 640 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ವರ್ಷ ತುಂಬುವ ಮೊದಲೇ ಶುರು ಮಾಡಿ ತಿನ್ನುತ್ತಾ ಬಂದವರಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇಕಡ 80ರಷ್ಟು ಕಡಿಮೆ! "ಮೂರು ವರ್ಷ ನಾನೂ ಮನೆಗೆ ತರದೆ ನಾಲಿಗೆ ಕಟ್ಟಿದ್ದೆ, ಆ ಲೆಕ್ಕ ಯಾರು ಕೊಡ್ತಾರೆ?" ಅನ್ನುವುದು ಅಕ್ಕನ ಪ್ರಶ್ನೆ.

ಪುಟ್ಟಿಗೆ ಅಲರ್ಜಿಯ ಭಯ ಹುಟ್ಟಿಸುವಂಥ ಜೋರಾದ ಎಕ್ಸಿಮಾ (ಚರ್ಮದ ತುರಿಕೆ) ಏನೂ ಇರಲಿಲ್ಲ. ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಒಂದು ಬೆಳಗ್ಗೆ ನುಣ್ಣಗೆ ಅರೆದ ಕಡಲೆಕಾಯಿಯನ್ನು ನೀರಾಗಿ ಕಲಸಿ ಕಾಲು ಚಮಚ ಕೊಟ್ಟು, ಕೈಗಡಿಯಾರ ನೋಡುತ್ತಾ ಕೂತೆ. ಇಪ್ಪತ್ತು ನಿಮಿಷಕ್ಕೆ ಕೆನ್ನೆಯ ಮೇಲೆ ಕೆಂಪು ಮಚ್ಚೆ! ಒಂದು, ಎರಡು, ಮೂರು. ನಾನು ಕಾರಿನ ಕೀ ಹುಡುಕುತ್ತಿದ್ದೆ. ಹೆಂಡತಿ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮಚ್ಚೆ ಹೋಯಿತು. ಆಮೇಲೆ ನನ್ನ ಕೈ ತಿರುಗಿಸಿ ತೋರಿಸಿದಳು. ಮಧ್ಯಾಹ್ನಕ್ಕೆ ಅಂತ ಬೀಟ್‌ರೂಟ್ ಹೆಚ್ಚಿಟ್ಟವನು ನಾನೇ. ಮುದ್ದು ಮಾಡಿದವನೂ ನಾನೇ.

ಬಟಾಣಿಯ ಕಥೆ ಬೇರೆ. ಹೊಸ ರುಚಿ ಒಗ್ಗಲು ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಕೊಡಬೇಕಾಗುತ್ತದೆ ಅಂತ ಓದಿ ಪುಸ್ತಕದಲ್ಲಿ ಬರೆದಿಡತೊಡಗಿದೆ. ಮೊದಲ ಸಲ, ಮುಖ ಹಿಂಡಿದಳು. ಎರಡನೇ ಸಲ, ನನ್ನ ಮುಖ ಹಿಂಡಿದಳು. ನಾಲ್ಕನೇ ಸಲ, ಚಮಚ ಮಂಚದ ಕೆಳಗೆ. ಏಳನೇ ಸಲ, ಬಟಾಣಿ ತಿಂದದ್ದು ನನ್ನ ಅಂಗಿ. ಹನ್ನೊಂದನೇ ಸಲ ನುಂಗಿದಳು. ಕುಣಿದುಬಿಟ್ಟೆ. ಹನ್ನೆರಡನೇ ಸಲಕ್ಕೆ ಆ ಪುಸ್ತಕದ ಹಾಳೆಯನ್ನೇ ಬಾಯಿಗೆ ಹಾಕಿಕೊಂಡಳು. ಅದನ್ನು ಮಾತ್ರ ಉಗಿಯಲಿಲ್ಲ.

ಇಷ್ಟಾದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಕ್ಲಾರಾ ಡೇವಿಸ್ ಅನ್ನುವ ಅಮೆರಿಕದ ಮಕ್ಕಳ ವೈದ್ಯೆಯ ಪ್ರಯೋಗ. 1920ರ ದಶಕದಲ್ಲಿ ಶುರುವಾದದ್ದು. ಆಗಷ್ಟೇ ಹಾಲು ಬಿಡುತ್ತಿದ್ದ 15 ಮಕ್ಕಳ ಮುಂದೆ 30ಕ್ಕೂ ಹೆಚ್ಚು ಬಗೆಯ ಸಾದಾ ಆಹಾರದಲ್ಲಿ ಒಂದಷ್ಟನ್ನು ಪ್ರತಿ ಊಟಕ್ಕೂ ಬೇರೆ ಬೇರೆ ಬಟ್ಟಲಲ್ಲಿಟ್ಟು, ಬೇಕಾದ್ದು ತಿನ್ನಿ ಅಂತ ಬಿಟ್ಟುಬಿಟ್ಟರು. ಪಕ್ಕದಲ್ಲಿ ನರ್ಸ್, ಕೈಯಲ್ಲಿ ಚಮಚ. ಮಗು ತಾನೇ ಬಟ್ಟಲ ಕಡೆ ಕೈ ಚಾಚಿದರೆ ಮಾತ್ರ ತಿನ್ನಿಸಬೇಕು. ಹೊಗಳಬಾರದು, ಬೈಯಬಾರದು, ತಿನ್ನು ಅಂತ ಸೂಚನೆಯನ್ನೂ ಕೊಡಬಾರದು. ಮಕ್ಕಳು ಚೆನ್ನಾಗಿಯೇ ಬೆಳೆದರು. ಮೂಳೆ ಮೆತ್ತಗಾಗುವ ರಿಕೆಟ್ಸ್ ಇದ್ದ ಒಂದು ಮಗು ಮುಂದಿಟ್ಟ ಮೀನೆಣ್ಣೆಯನ್ನು ವಾಸಿಯಾಗುವವರೆಗೆ ತಾನೇ ಕುಡಿಯಿತು. ಹಾಳುಮೂಳು ತಿಂಡಿ ಒಂದೂ ಅಲ್ಲಿರಲಿಲ್ಲ ಅನ್ನುವುದೂ ನಿಜ. ಅಡುಗೆಗೆ ಉಪ್ಪು ಹಾಕದೆ, ಉಪ್ಪಿಗೇ ಬೇರೆ ಬಟ್ಟಲು ಇಟ್ಟಿದ್ದರು. ಇದೊಂದನ್ನು ಅಮ್ಮನಿಗೆ ಹೇಳಿಲ್ಲ.

ಓದಿ ನಾನೂ ನರ್ಸ್ ಆಗಲು ಹೊರಟೆ. ನಿನ್ನೆ ಸಂಜೆ ಕುಂಬಳಕಾಯಿ, ಬಟಾಣಿ, ಮೆತ್ತಗೆ ಬೆಂದ ಅನ್ನ ಮೂರು ಬಟ್ಟಲಲ್ಲಿಟ್ಟೆ. ಎಲ್ಲರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ. ಅಮ್ಮ ಸೆರಗನ್ನೇ ಬಾಯಿಗೆ ಒತ್ತಿಕೊಂಡು ಕೂತರು. ನಾನು ಚಮಚ ಹಿಡಿದು ಗೋಡೆ ನೋಡುತ್ತಾ ಕೂತೆ. ಮನೆಯಲ್ಲಿ ಅಷ್ಟು ನಿಶ್ಶಬ್ದ ಇದ್ದದ್ದು ಪುಟ್ಟಿ ಹುಟ್ಟುವ ಮೊದಲು.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಆ ಅನ್ನುತ್ತಿಲ್ಲ. ಏನೋ ತಪ್ಪಾಗಿದೆ ಅನ್ನಿಸಿರಬೇಕು. ಕುಂಬಳಕಾಯಿ ಬಟ್ಟಲಿಗೆ ಕೈ ಅದ್ದಿದಳು, ಮುಷ್ಟಿ ತುಂಬ ಎತ್ತಿದಳು, ನನ್ನ ಮುಖದ ಹತ್ತಿರ ತಂದು ತಾನೇ ಬಾಯಿ ಅಗಲಿಸಿ "ಆ" ಅಂದಳು.

ನಾನು ಬಾಯಿ ತೆಗೆದೆ. ಇಷ್ಟು ತಿಂಗಳಲ್ಲಿ ನಾನು ಮಾಡಿದ ಅಡುಗೆಯನ್ನು ನಾನು ತಿಂದದ್ದು ಅದೇ ಮೊದಲು. ಎರಡು ಸೆಕೆಂಡು ಬಿಟ್ಟು ನನ್ನ ನಾಲಿಗೆ ಅದನ್ನು ನಿಧಾನವಾಗಿ ಹೊರಗೆ ತಳ್ಳಿತು. ಪುಟ್ಟಿ ಗಲ್ಲದಿಂದ ಬಳಿದು ಮತ್ತೆ ಒಳಗಿಟ್ಟಳು.

ಅಮ್ಮ ಸೆರಗು ತೆಗೆದರು. "ಉಪ್ಪು ಬೇಕೇನೋ?"